ಯಂತ್ರ ಬಂತು, ಒಪ್ಪಂದ ಎಲ್ಲಿದೆ?

ಹೊಸ ವೈರಾಣು ರೋಗದ ಸುದ್ದಿ ಬಂದಾಗಲೆಲ್ಲ ನಮ್ಮ ಭಾಗದಲ್ಲಿ ಮೊದಲು ಕೇಳಿಬರುವುದು ‘ಪತ್ತೆ ಮಾಡುವ ಯಂತ್ರ ಇಲ್ಲಿದೆಯೇ?’ ಎಂಬ ಪ್ರಶ್ನೆ. ಕೋವಿಡ್ ನಂತರ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಆರ್‌ಟಿ-ಪಿಸಿಆರ್ ಯಂತ್ರ ಅಪರೂಪದ್ದೇನಲ್ಲ. ಕಾರಣ ತಿಳಿಯದ ಜ್ವರದ ಮಾದರಿಯೊಂದು ಶನಿವಾರ ಸಂಜೆ ಕೈಸೇರಿದರೆ ಅದನ್ನು ಯಾವ ಪ್ರಯೋಗಾಲಯಕ್ಕೆ, ಯಾರ ಒಪ್ಪಿಗೆಯಿಂದ, ಹೇಗೆ ಕಳಿಸಬೇಕೆಂಬುದು ಮೊದಲೇ ನಿರ್ಧಾರವಾಗಿದೆಯೇ ಎಂಬುದೇ ಬೆಳಗಾವಿಯ ಪ್ರಯೋಗಾಲಯದಲ್ಲಿ ದುಡಿಯುವ ನನ್ನ ಚಿಂತೆ.

2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ಕಾಣಿಸಿಕೊಂಡಾಗ, ವೈದ್ಯರ ಸಂಶಯದ ಮೇರೆಗೆ ಮಾದರಿಗಳು ಮಣಿಪಾಲದ ವೈರಾಣು ಪ್ರಯೋಗಾಲಯಕ್ಕೆ ಬಂದವು; ಅಲ್ಲಿ ಸಿಕ್ಕ ಫಲಿತಾಂಶವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ಮಣಿಪಾಲದವರು ಅದಕ್ಕೂ ಮುನ್ನವೇ ಹಲವು ರಾಜ್ಯಗಳಲ್ಲಿ ತೀವ್ರ ಜ್ವರಗಳ ಕಾರಣ ಹುಡುಕುವ ಕೆಲಸದಲ್ಲಿ ತೊಡಗಿದ್ದರು ಎಂಬುದನ್ನು ಮರೆಯಬಾರದು. ವೈದ್ಯರಿಗೂ ಪ್ರಯೋಗಾಲಯಕ್ಕೂ ಮೊದಲೇ ಪರಿಚಯವಿದ್ದುದರಿಂದಲೇ ಕೆಲಸ ಬೇಗ ಸಾಗಿತು ಎಂದು ನಾನು ನಂಬುತ್ತೇನೆ.

ಮಾದರಿ ಕಳಿಸುವುದು ಕೊರಿಯರ್ ಹುಡುಗನ ಕೆಲಸವೆಂಬ ತಾತ್ಸಾರ ನಮ್ಮಲ್ಲಿ ಇನ್ನೂ ಇದೆ. ಟ್ಯೂಬಿನ ಮುಚ್ಚಳ ಬಿಗಿಮಾಡಿ, ಸುತ್ತ ಹತ್ತಿಯಂಥ ಹೀರುವ ವಸ್ತುವಿಟ್ಟು, ಸೋರದ ಎರಡನೆಯ ಡಬ್ಬಿಯೊಳಗೆ ಸೇರಿಸಿ, ಐಸ್ ಪ್ಯಾಕ್ ಸಮೇತ ಗಟ್ಟಿಯಾದ ಹೊರಪೆಟ್ಟಿಗೆಯಲ್ಲಿಡಬೇಕು. ರೋಗಿಯ ವಿವರದ ಫಾರಂ ಎರಡನೆಯ ಡಬ್ಬಿಯ ಹೊರಗಿರಬೇಕು. ಒಳಗಿಟ್ಟರೆ, ಟ್ಯೂಬು ಸೋರಿದ ದಿನ ಹೆಸರೂ ತೊಳೆದುಹೋಗುತ್ತದೆ. ಗಂಟಲು ದ್ರವವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆಗಳೊಳಗೆ ತಲುಪಿಸಬೇಕು, ತಡವಾಗುವುದಾದರೆ ಮೈನಸ್ 70ರಲ್ಲಿ ಕಾಯ್ದಿಡಬೇಕು. ರಕ್ತದ ತಿಳಿಭಾಗವಾದ ಸೀರಂ ಬೇರ್ಪಡಿಸದೆ ಇಡೀ ರಕ್ತವನ್ನೇ ಫ್ರೀಜರಿಗೆ ಹಾಕಿದರೆ ರಕ್ತಕಣಗಳು ಒಡೆದು, ಹೊರಬಂದ ಹಿಮೋಗ್ಲೋಬಿನ್ ಪಿಸಿಆರ್ ಪರೀಕ್ಷೆಯನ್ನೇ ಕೆಡಿಸಬಹುದು.

ಇಷ್ಟಾದ ಮೇಲೂ ಎರಡು ಪ್ರಯೋಗಾಲಯಗಳ ಉತ್ತರ ಒಂದೇ ಆಗಬೇಕಲ್ಲ? ಕೋವಿಡ್ ಕಾಲದಲ್ಲಿ ಪ್ರತಿ ಪ್ರಯೋಗಾಲಯವೂ ಐದು ಪಾಸಿಟಿವ್, ಐದು ನೆಗೆಟಿವ್ ಮಾದರಿಗಳನ್ನು ಗುಣಮಟ್ಟ ನಿಯಂತ್ರಣ ಪ್ರಯೋಗಾಲಯಕ್ಕೆ ಮರುಪರೀಕ್ಷೆಗೆ ಕಳಿಸುವ ಪದ್ಧತಿಯಿತ್ತು. ವೈರಾಣು ತೀರ ಕಡಿಮೆಯಿರುವ, ಅಂದರೆ ಸಿಟಿ ಮೌಲ್ಯ (ವೈರಾಣು ಗೋಚರಿಸಲು ಪಿಸಿಆರ್ ಯಂತ್ರಕ್ಕೆ ಬೇಕಾದ ಸುತ್ತುಗಳ ಸಂಖ್ಯೆ) 35 ದಾಟಿದ ಮಾದರಿಗಳಲ್ಲೇ ಸಾಮಾನ್ಯವಾಗಿ ಭಿನ್ನಾಭಿಪ್ರಾಯ ಹುಟ್ಟುವುದು. ಕಿಟ್ ಬೇರೆಯಾಗಿರಬಹುದು, ಆರ್‌ಎನ್‌ಎ ತೆಗೆಯುವ ವಿಧಾನ ಬೇರೆಯಾಗಿರಬಹುದು. ಇಂಥ ವ್ಯತ್ಯಾಸವನ್ನು ಅವಮಾನವೆಂದು ಬಗೆದು ಫೈಲಿನಲ್ಲಿ ಮುಚ್ಚಿಡುವವರು ಸಾಂಕ್ರಾಮಿಕದ ನಡುವೆ ಅದನ್ನೇ ಎದುರಿಸಬೇಕಾಗುತ್ತದೆ.

ನಮ್ಮ ಜಿಲ್ಲೆಗಳಿಗೆ ಗಡಿಯದೇ ಒಂದು ಪ್ರತ್ಯೇಕ ತೊಡಕು. 1973ರಲ್ಲಿ ಚಿಕುನ್‌ಗುನ್ಯಾ ಹಬ್ಬಿದ್ದ ಬಾರ್ಶಿ ಇರುವುದು ವಿಜಯಪುರದ ನೆರೆಯ ಸೊಲ್ಲಾಪುರ ಜಿಲ್ಲೆಯಲ್ಲಿ. ಮಂಗನ ಕಾಯಿಲೆ 2015ರಲ್ಲಿ ಗೋವಾದ ಸತ್ತರಿಯಲ್ಲಿ, 2016ರಲ್ಲಿ ಸಿಂಧುದುರ್ಗದ ದೋಡಾಮಾರ್ಗದಲ್ಲಿ ಕಾಣಿಸಿತು. ಖಾನಾಪುರದ ಕಾಡಿನಿಂದ ಇವೆರಡೂ ದೂರವಲ್ಲ. ಬೆಳಗಾವಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ, ಆದರೆ ಕಾಗದಪತ್ರ ರಾಜಧಾನಿಯ ದಾರಿ ಹಿಡಿಯುತ್ತದೆ. ಕರ್ನಾಟಕ, ಮಹಾರಾಷ್ಟ್ರ, ಗೋವಾ ಈ ಮೂರು ರಾಜ್ಯಗಳ ಪ್ರಯೋಗಾಲಯಗಳು ಒಂದೇ ಫಾರಂ ಬಳಸುವುದಕ್ಕೂ, ಫಲಿತಾಂಶವನ್ನು ರೋಗಿಯ ಊರಿನ ಆರೋಗ್ಯಾಧಿಕಾರಿಗೆ ಅದೇ ದಿನ ತಿಳಿಸುವುದಕ್ಕೂ ಲಿಖಿತ ಒಪ್ಪಂದವಾಗಬೇಕು. ಮಂಗನ ಕಾಯಿಲೆಯ ಮುನ್ಸೂಚನೆಯಾಗಿ ಕಾಡಿನಲ್ಲಿ ಮಂಗ ಸತ್ತರೆ ಸುದ್ದಿ ಮೊದಲು ಸಿಗುವುದು ಅರಣ್ಯ ಸಿಬ್ಬಂದಿಗೆ, ಆದ್ದರಿಂದ ಅವರನ್ನೂ ಪಶುವೈದ್ಯರನ್ನೂ ಇದರಲ್ಲಿ ಸೇರಿಸಿಕೊಂಡು, ಬರಿ ನೀರು ತುಂಬಿದ ಟ್ಯೂಬುಗಳನ್ನಾದರೂ ಕಳಿಸಿ ಇಡೀ ಸರಪಳಿಯನ್ನು ಒಮ್ಮೆ ಪರೀಕ್ಷಿಸಬೇಕು. ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ತಲೆಯೆತ್ತುವುದರಿಂದ ಈ ತಾಲೀಮು ನವೆಂಬರಿನೊಳಗೆ ಮುಗಿದಿರಬೇಕು.