ಬೇ ಏರಿಯಾದ ಮನೆಗಳು: ಪಟ್ಟಿಯಲ್ಲಿರುವ ಜಾಗ, ನೆಲದ ಮೇಲೆ ಏಳದ ಕಟ್ಟಡ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಊರಿನ ಡೆಮಾಕ್ರಟಿಕ್ ಪಕ್ಷದ ಕ್ಲಬ್ ಕೈಗೆಟುಕುವ ಮನೆಗಳ ಬಗ್ಗೆ ಚರ್ಚೆ ಕರೆದರೆ ಒಬ್ಬರು ಬಾಡಿಗೆ ಎತ್ತುತ್ತಾರೆ, ಇನ್ನೊಬ್ಬರು ಕಟ್ಟಡದ ಎತ್ತರ, ಮತ್ತೊಬ್ಬರು ಆಸ್ತಿ ತೆರಿಗೆ. ಮೂರೂ ಒಂದೇ ಗಂಟಿನ ಎಳೆಗಳು. ಫ್ರೀಮಾಂಟ್, ಸನ್ನಿವೇಲ್‌ಗಳ ಕನ್ನಡ ಕುಟುಂಬಗಳಿಗೂ ಇದು ಹೊರಗಿನ ವಿಷಯವಲ್ಲ.

1916ರಲ್ಲೇ ಬರ್ಕ್ಲಿ ನಗರ ಕೆಲವು ಬಡಾವಣೆಗಳನ್ನು ಒಂಟಿ ಮನೆಗಳಿಗಷ್ಟೇ ಮೀಸಲಿಟ್ಟಿತು. ಸರ್ಕಾರಿ ನೆರವಿನ ಕಡಿಮೆ ಬಾಡಿಗೆ ಮನೆಗಳಿಗೆ ಸ್ಥಳೀಯ ಮತದಾರರ ಒಪ್ಪಿಗೆ ಬೇಕೆಂಬ ಷರತ್ತು 1950ರಲ್ಲಿ ರಾಜ್ಯದ ಸಂವಿಧಾನಕ್ಕೇ ಸೇರಿತು. ಮತದಾರರು 1978ರಲ್ಲಿ ಒಪ್ಪಿದ ಪ್ರೊಪೊಸಿಷನ್ 13 ಎಂಬ ನಿಯಮ ಆಸ್ತಿ ತೆರಿಗೆಯನ್ನು ಶೇ 1ಕ್ಕೆ ಕಟ್ಟಿಹಾಕಿತು. ಆಸ್ತಿ ಕೈ ಬದಲಾಗುವ ತನಕ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಅಲ್ಲಿಂದಾಚೆ ನಗರಗಳ ಬೊಕ್ಕಸಕ್ಕೆ ಮನೆಗಿಂತ ಮಾರಾಟ ತೆರಿಗೆ ತರುವ ಮಳಿಗೆಯೇ ಹಿತವಾಯಿತು. ಮನೆ ಬೇಡವೆನ್ನುವುದು ಇಷ್ಟು ಸುಲಭವಾದ ಮೇಲೆ ಕೊರತೆ ಬೆಳೆದದ್ದರಲ್ಲಿ ಅಚ್ಚರಿಯಿಲ್ಲ.

ಇಂದಿನ ಜಗಳ ನಿಂತಿರುವುದು 1969ರ ಕಾನೂನಿನ ಮೇಲೆ. ಎಲ್ಲ ಆದಾಯದವರಿಗೂ ಮನೆ ಏಳಲು ಜಾಗವಿದೆ ಎಂದು ಪ್ರತಿ ನಗರವೂ ಯೋಜನೆ ಬರೆದು ರಾಜ್ಯಕ್ಕೆ ತೋರಿಸಬೇಕು. 2023ರಿಂದ 2031ರ ಸುತ್ತಿಗೆ ಬೇ ಏರಿಯಾದ ಗುರಿ 4,41,176 ಮನೆಗಳು. ಗುರಿಯನ್ನು ಕೌಂಟಿಯ (ಜಿಲ್ಲೆಯಂಥ ಆಡಳಿತ ಘಟಕದ) ಮಧ್ಯಾಂಕ ಆದಾಯಕ್ಕೆ, ಅಂದರೆ ಅರ್ಧ ಕುಟುಂಬಗಳು ಮೇಲೂ ಅರ್ಧ ಕೆಳಗೂ ಇರುವ ಮೊತ್ತಕ್ಕೆ, ಹೋಲಿಸಿ ಹಂಚುತ್ತಾರೆ: ಅದರ ಶೇ 50ರೊಳಗಿನವರದು ಅತಿ ಕಡಿಮೆ ಆದಾಯದ ವರ್ಗ, ಶೇ 80ರವರೆಗೆ ಕಡಿಮೆ, ಶೇ 120ರವರೆಗೆ ಮಧ್ಯಮ, ಅದಕ್ಕೂ ಹೆಚ್ಚಿನವರದು ಮೇಲ್ವರ್ಗ.

ಯೋಜನೆ ಎಂದರೆ ಜಾಗಗಳ ಪಟ್ಟಿ. ಮಹಾನಗರ ಪ್ರದೇಶದಲ್ಲಿ ಎಕರೆಗೆ 30 ಮನೆ ಕಟ್ಟಲು ಅನುಮತಿ ಇದ್ದರೆ ಆ ಜಾಗವನ್ನು ಕೆಳ ಆದಾಯದ ಲೆಕ್ಕಕ್ಕೆ ಹಿಡಿಯಬಹುದು. ಜಾಗ ಅರ್ಧ ಎಕರೆಗಿಂತ ಚಿಕ್ಕದಾಗಿದ್ದರೆ ಅಥವಾ 10 ಎಕರೆಗಿಂತ ದೊಡ್ಡದಾಗಿದ್ದರೆ, ಅಲ್ಲಿ ಇಂಥ ಮನೆ ಏಳಬಲ್ಲದು ಎಂಬುದಕ್ಕೆ ಪುರಾವೆ ಬೇಕು. ಎಡವಟ್ಟಾಗುವುದು ಇಲ್ಲೇ. ಚೆನ್ನಾಗಿ ವ್ಯಾಪಾರ ನಡೆಯುತ್ತಿರುವ ಮಳಿಗೆಗಳ ಸಾಲನ್ನೂ ಪಟ್ಟಿಗೆ ಸೇರಿಸುತ್ತಾರೆ. ಬಾಡಿಗೆ ಕರಾರು ಇನ್ನೂ ವರ್ಷಗಟ್ಟಲೆ ಇರುತ್ತದೆ, ಮಾಲೀಕರಿಗೆ ಮಾರುವ ಇರಾದೆಯೇ ಇರುವುದಿಲ್ಲ. ಸಂಖ್ಯೆ ತುಂಬುತ್ತದೆ, ಅಡಿಪಾಯ ಬೀಳುವುದಿಲ್ಲ.

ಈ ಯೋಜನೆಗೆ 2023ರ ಜನವರಿ 31ರ ಗಡುವಿತ್ತು; ಹೆಚ್ಚಿನ ನಗರಗಳು ಅದನ್ನು ಪಾಲಿಸಲಾಗಲಿಲ್ಲ. ಆಗ ಎದ್ದು ಬಂದದ್ದು 1990ರಿಂದ ಹೆಚ್ಚುಕಡಿಮೆ ನಿದ್ದೆಯಲ್ಲಿದ್ದ 'ಬಿಲ್ಡರ್ಸ್ ರೆಮಿಡಿ': ಯೋಜನೆಗೆ ಮಾನ್ಯತೆ ಸಿಗದ ನಗರವು, ಶೇ 20ರಷ್ಟು ಮನೆಗಳನ್ನು ಕಡಿಮೆ ಆದಾಯದವರಿಗೆ ಬಿಟ್ಟ ಪ್ರಸ್ತಾವವನ್ನು ಝೋನಿಂಗ್ (ಎಲ್ಲಿ ಏನು ಕಟ್ಟಬಹುದೆಂಬ ನಿಯಮ) ನೆಪದಲ್ಲಿ ತಳ್ಳಿಹಾಕುವಂತಿರಲಿಲ್ಲ. ಎತ್ತರದ ಕೂಗು ಜೋರಾದದ್ದು ಆಮೇಲೆ.

ಆದರೆ ಅನುಮತಿಯೇ ದುಡ್ಡಲ್ಲ. ತಮ್ಮ ಪ್ರದೇಶದ ಆಸ್ತಿ ಬೆಲೆ ಏರಿದ್ದರಿಂದ ಬರುವ ಹೆಚ್ಚುವರಿ ತೆರಿಗೆಯ ಶೇ 20ನ್ನು ಕೈಗೆಟುಕುವ ಮನೆಗಳಿಗೆ ಕೊಡಬೇಕಿದ್ದ ಪುನರಭಿವೃದ್ಧಿ ಸಂಸ್ಥೆಗಳು 2012ರಲ್ಲಿ ಮುಚ್ಚಿದವು. ಈಗ ಒಂದು ಕಟ್ಟಡಕ್ಕೆ 1986ರಲ್ಲಿ ಶುರುವಾದ ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆ ರಿಯಾಯಿತಿ, ಬಾಂಡ್, ಕೌಂಟಿ ಸಾಲ, ನಗರದ ಶುಲ್ಕನಿಧಿ ಎಲ್ಲವನ್ನೂ ಜೋಡಿಸಬೇಕು. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಗಡುವು. ಒಂದು ತಡವಾದರೆ ಉಳಿದವೂ ಕಾಯುತ್ತವೆ, ಅಷ್ಟರಲ್ಲಿ ಕಟ್ಟುವ ವೆಚ್ಚ ಏರಿರುತ್ತದೆ.

ಚರ್ಚೆಗೆ ಹೋಗುವವರು ನಗರದ ವಾರ್ಷಿಕ ಪ್ರಗತಿ ವರದಿಯನ್ನು ಮೊದಲೇ ಓದಿಕೊಂಡರೆ ಒಳ್ಳೆಯದು. ಪ್ರತಿ ಏಪ್ರಿಲ್ 1ರೊಳಗೆ ಅದು ರಾಜ್ಯಕ್ಕೆ ಹೋಗಬೇಕು. ಯಾವ ಆದಾಯದವರಿಗೆ ಎಷ್ಟು ಪರವಾನಗಿ ಕೊಟ್ಟರು ಎಂಬುದು ಅದರಲ್ಲಿದೆ: ಮೇಲ್ವರ್ಗದ ಸಾಲು ಸಾಮಾನ್ಯವಾಗಿ ಬೇಗ ತುಂಬುತ್ತದೆ, ಅತಿ ಕಡಿಮೆ ಮತ್ತು ಕಡಿಮೆ ಆದಾಯದ ಎರಡು ಸಾಲುಗಳ ಬಗ್ಗೆಯೇ ಕೇಳಬೇಕು.