ಅವುಡುಗಚ್ಚಿದ ದವಡೆ ಏಕೆ ನೋಯುತ್ತದೆ?

ಕಿವಿ ನೋವೆಂದು ಇಎನ್‌ಟಿ ವೈದ್ಯರ ಬಳಿ ಹೋದವರಿಗೆ ‘ಕಿವಿ ಚೆನ್ನಾಗಿದೆ, ಹಲ್ಲಿನ ಡಾಕ್ಟರಿಗೆ ತೋರಿಸಿ’ ಎಂಬ ಚೀಟಿ ಸಿಕ್ಕರೆ ಸಿಟ್ಟು ಬರುವುದು ಸಹಜ. ಆದರೆ ಆ ಚೀಟಿ ಬಹಳ ಸಲ ಸರಿಯಾಗಿಯೇ ಇರುತ್ತದೆ. ಕಿವಿಯ ತೂತಿನ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನಡಿ ಗುಂಡಗೆ ಏನೋ ಜಾರುತ್ತದಲ್ಲ, ಅದೇ ದವಡೆಯ ಕೀಲು. ಕಿವಿಯ ನಾಳಕ್ಕೂ ಅದಕ್ಕೂ ನಡುವೆ ತೆಳುವಾದ ಮೂಳೆಯಷ್ಟೇ ಇದೆ. ಎರಡಕ್ಕೂ ಸಂವೇದನೆ ಒಯ್ಯುವ ನರದ ಕವಲೂ ಒಂದೇ. ಹಾಗಾಗಿ ಕೀಲು ನೊಂದರೆ ಮಿದುಳಿಗೆ ಅದು ಕಿವಿನೋವಾಗಿಯೇ ಕೇಳಿಸುತ್ತದೆ.

ಈ ಕೀಲಿನದು ಎರಡು ಹಂತದ ಕೆಲಸ. ಬಾಯಿ ತೆರೆಯುವ ಮೊದಲ 20–25 ಮಿಲಿಮೀಟರ್‌ವರೆಗೆ ಕೆಳದವಡೆಯ ಗುಂಡುತಲೆ ಬಾಗಿಲ ತಿರುಗಣಿಯಂತೆ ಇದ್ದಲ್ಲೇ ತಿರುಗುತ್ತದೆ. ಆಮೇಲೆ ಗುಳಿಯಿಂದ ಮುಂದಕ್ಕೆ ಜಾರುತ್ತದೆ. ಮೂಳೆ ಮೂಳೆಗೆ ಉಜ್ಜದಂತೆ ನಡುವೆ ಡಿಸ್ಕ್ ಎಂಬ ಗಟ್ಟಿ ನಾರಿನ ಬಿಲ್ಲೆ ಇದೆ. ಬಲಕ್ಕೊಂದು ಎಡಕ್ಕೊಂದು ಕೀಲಿದ್ದರೂ ಮೂಳೆ ಒಂದೇ ಆದ್ದರಿಂದ, ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಗೂ ದುಡಿಮೆ ಹೆಚ್ಚುತ್ತದೆ.

ಹೀಗಿದ್ದರೂ ದವಡೆ ನೋವೆಂದು ಬರುವವರಲ್ಲಿ ಹೆಚ್ಚಿನವರಿಗೆ ಕೆಟ್ಟಿರುವುದು ಕೀಲಲ್ಲ, ಸ್ನಾಯು. ಕೆನ್ನೆಯ ಮ್ಯಾಸೆಟರ್ ಮತ್ತು ಕಣತಲೆಯ ಟೆಂಪೊರಾಲಿಸ್ ಮುಖ್ಯವಾದವು. ಅಗಿಯುವುದಕ್ಕೆ, ನುಂಗುವುದಕ್ಕೆ ಎಂದು ಹಲ್ಲಿಗೆ ಹಲ್ಲು ತಾಗುವ ಹೊತ್ತನ್ನು ಕೂಡಿಸಿದರೆ ದಿನಕ್ಕೆ ಅರ್ಧ ಗಂಟೆಯೂ ಆಗದು. ಉಳಿದಂತೆ ಬಾಯಿ ಮುಚ್ಚಿದ್ದಾಗ ಸೇರಿರಬೇಕಾದದ್ದು ತುಟಿಗಳು, ಹಲ್ಲುಗಳಲ್ಲ. ಮೇಲಿನ ಕೆಳಗಿನ ಹಲ್ಲುಗಳ ನಡುವೆ 2–3 ಮಿಲಿಮೀಟರ್ ಸಂದು ಇರಬೇಕು. ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಕಂಪ್ಯೂಟರ್ ಮುಂದೆ, ಟ್ರಾಫಿಕ್ಕಿನಲ್ಲಿ, ಸೂಜಿಗೆ ದಾರ ಪೋಣಿಸುವಾಗ ಹಲ್ಲು ಕಚ್ಚಿಯೇ ಇರುತ್ತಾರೆ. ‘ಅವುಡುಗಚ್ಚಿ ಸಹಿಸಿಕೊಂಡರು’ ಎಂಬ ಮಾತು ಕನ್ನಡದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವುದು ಬೇರೆಯೇ ಸಂಗತಿ, ಅದು ನಮ್ಮ ಹಿಡಿತದಲ್ಲಿಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಅದು ಶುರುವಾಗಬಹುದು. (ಹೊಟ್ಟೆಹುಳುವಿನಿಂದ ಮಕ್ಕಳು ಹಲ್ಲು ಕಡಿಯುತ್ತಾರೆ ಎಂಬ ಮಾತನ್ನು ನಂಬಿ ಪದೇ ಪದೇ ಜಂತುಹುಳದ ಔಷಧಿ ಕುಡಿಸಬೇಡಿ. ಬಹುಪಾಲು ಮಕ್ಕಳಲ್ಲಿ ಅದು ಬೆಳೆಯುತ್ತ ತಾನೇ ನಿಲ್ಲುತ್ತದೆ.)

ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳನ್ನು ಜೋಡಿಸಿ ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ ನೆಟ್ಟಗೆ ಇಡಲಾಗುತ್ತದೆಯೇ ನೋಡಿ. ವಯಸ್ಕರ ಬಾಯಿ 40ರಿಂದ 50 ಮಿಲಿಮೀಟರ್ ತೆರೆಯಬೇಕು. 35ಕ್ಕಿಂತ ಕಡಿಮೆಯಾದರೆ ಕಾರಣ ಹುಡುಕಬೇಕು. ತೆರೆಯುವಾಗ ಗದ್ದ ಒಂದು ಕಡೆ ವಾಲುತ್ತದೆಯೇ ಎಂಬುದನ್ನೂ ಗಮನಿಸಿ.

ಬಾಯಿ ತೆರೆದಾಗ ‘ಟಕ್’ ಎನ್ನುವ ಸದ್ದಿಗೆ ಹೆದರಿ ಬರುವವರೇ ಹೆಚ್ಚು. ಡಿಸ್ಕ್ ಮುಂದಕ್ಕೆ ಸರಿದಿದ್ದು, ಗುಂಡುತಲೆ ಅದರ ಅಂಚನ್ನು ದಾಟಿ ಮತ್ತೆ ಅದರಡಿ ಕೂರುವಾಗ ಆ ಸದ್ದು ಬರುತ್ತದೆ. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ ಎಂದಾದರೆ ಸದ್ದಿಗೆ ಚಿಕಿತ್ಸೆ ಬೇಡ. ಸದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಂತು, ಬಾಯಿ 25–30 ಮಿಲಿಮೀಟರ್‌ಗಿಂತ ತೆರೆಯದೆ, ಗದ್ದ ನೋವಿರುವ ಕಡೆಗೇ ವಾಲಿದರೆ ಮಾತ್ರ ವಿಷಯ ಬೇರೆ. ಡಿಸ್ಕ್ ಈಗ ಗುಂಡುತಲೆಯ ದಾರಿಗೆ ಅಡ್ಡವಾಗಿ ನಿಂತಿದೆ. ಇಂಥವರು ತಿಂಗಳುಗಟ್ಟಲೆ ಕಾಯದೆ ಕೆಲವೇ ದಿನಗಳಲ್ಲಿ ಬಂದರೆ ಕೈಯಿಂದಲೇ ಬಿಡಿಸಲು ಅವಕಾಶವಿರುತ್ತದೆ. ಇನ್ನು ಮರಳು ಅರೆದಂತೆ ಕರಕರ ಸದ್ದಾದರೆ ಕೀಲು ಸವೆದಿರಬಹುದು. ಮೂಳೆ ನೋಡಲು ಒಪಿಜಿ, ಅಂದರೆ ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ, ಸಾಕು. ಡಿಸ್ಕ್ ಕಾಣುವುದು ಎಂಆರ್‌ಐನಲ್ಲಿ ಮಾತ್ರ, ಅದು ಎಲ್ಲರಿಗೂ ಬೇಕಿಲ್ಲ.

ಬಾಯಿ ತೆರೆಯದ ಎಲ್ಲರದೂ ಕೀಲಿನ ತೊಂದರೆಯಲ್ಲ. ನಮ್ಮ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ಅಡಿಕೆ, ಗುಟ್ಕಾ. ಖಾರ ತಿಂದರೆ ಬಾಯುರಿ, ಕೆನ್ನೆಯ ಒಳಭಾಗ ಬಿಳುಚಿಕೊಂಡಿರುವುದು, ಬೆರಳಿಗೆ ಹಗ್ಗದಂತೆ ಸಿಗುವ ನಾರು, ನೋವಿಲ್ಲದೆ ವರ್ಷದಿಂದ ವರ್ಷಕ್ಕೆ ಕಿರಿದಾಗುವ ಬಾಯಿ: ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಕ್ಯಾನ್ಸರಿಗೆ ಮುನ್ನಿನ ಸ್ಥಿತಿ. ತಂಬಾಕು ಸೇರಿಸದ ಬರೀ ಅಡಿಕೆಯೂ ಇದನ್ನು ತರುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ, ಆದರೂ ಹೇಳದೆ ಗತ್ಯಂತರವಿಲ್ಲ.

ಇನ್ನೊಂದು, ಮಕ್ಕಳದು. ಮಗು ಗದ್ದ ಊರಿ ಬಿದ್ದರೆ ಗದ್ದದ ಗಾಯಕ್ಕೆ ಹೊಲಿಗೆ ಹಾಕಿಸಿ ಮನೆಗೆ ಕರೆತರುತ್ತಾರೆ. ಏಟಿನ ಬಲ ಮೇಲೆ ಹರಿದು ಕೀಲಿನ ತಲೆ ಮುರಿದಿರುವುದು ಯಾರಿಗೂ ತಿಳಿಯುವುದಿಲ್ಲ. ನೋವಿಗೆ ಮಗು ಬಾಯಿ ಅಲುಗಿಸದೆ ಇದ್ದರೆ ಮೂಳೆಗೆ ಮೂಳೆ ಬೆಸೆದು, ಬಾಯಿ ಮುಚ್ಚಿಹೋಗಿ, ಮುಖ ಸೊಟ್ಟಗೆ ಬೆಳೆಯುತ್ತದೆ. ಗದ್ದಕ್ಕೆ ಏಟು ಬಿದ್ದು ಕಿವಿಯ ಮುಂದೆ ನೋವೆಂದರೆ ಎಕ್ಸ್‌ರೇ ಆಗಲೇಬೇಕು. ವೈದ್ಯರು ಹೇಳಿದಂತೆ ಬೇಗನೆ ಬಾಯಿ ಆಡಿಸುವ ವ್ಯಾಯಾಮ ಶುರುಮಾಡಬೇಕು.

ಐವತ್ತು ದಾಟಿದವರಿಗೆ ಅಗಿಯುತ್ತ ಹೋದಂತೆ ದವಡೆ ನೋಯುವುದು, ನಿಲ್ಲಿಸಿದರೆ ತಗ್ಗುವುದು, ತಲೆ ಬಾಚಿದರೆ ಬುರುಡೆಯ ಚರ್ಮ ನೋಯುವುದು ಕಂಡುಬಂದರೆ ಅದು ರಕ್ತನಾಳದ ಉರಿಯೂತವಿರಬಹುದು. ತಡಮಾಡಿದರೆ ಕಣ್ಣು ಹೋಗುತ್ತದೆ, ಅದೇ ದಿನ ಫಿಜಿಷಿಯನ್ ನೋಡಬೇಕು. ಮೆಟ್ಟಿಲು ಹತ್ತುವಾಗ ಬರುವ ದವಡೆ ನೋವು, ಜೊತೆಗೆ ಬೆವರು, ಏದುಸಿರು ಇದ್ದರೆ ಅದು ಹೃದಯದ್ದೆಂದೇ ತಿಳಿದು ಇಸಿಜಿ ಮಾಡಿಸಿ.

ಇವೆಲ್ಲ ಅಲ್ಲವೆಂದು ಖಾತ್ರಿಯಾದ ಮೇಲೆ ಚಿಕಿತ್ಸೆ ಮನೆಯಲ್ಲೇ ಶುರು. ಎರಡರಿಂದ ನಾಲ್ಕು ವಾರ ಮೆತ್ತಗಿನ ಊಟ: ಇಡ್ಲಿ, ಮೊಸರನ್ನ, ಮೃದುವಾಗಿ ಬೇಯಿಸಿದ ಅನ್ನ ಸಾರು. ನುಂಗಿಯೇ ತಿನ್ನುವ ರಾಗಿ ಮುದ್ದೆ ಇಲ್ಲಿ ಬಲು ಒಳ್ಳೆಯದು, ತುತ್ತು ಮಾತ್ರ ಚಿಕ್ಕದಿರಲಿ. ಚಕ್ಕುಲಿ, ಕಬ್ಬು, ಹುರಿದ ಕಡಲೆ, ಚ್ಯೂಯಿಂಗ್ ಗಮ್ ದೂರವಿಡಿ. ಸ್ನಾಯು ನೋವಿಗೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕೆನ್ನೆ, ಕಣತಲೆಗೆ 15–20 ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ ಇಡಿ. ಹೊಸ ಪೆಟ್ಟಿಗೆ ಬಟ್ಟೆಯಲ್ಲಿ ಸುತ್ತಿದ ಐಸ್, 10 ನಿಮಿಷ. ವ್ಯಾಯಾಮ ಹೀಗೆ: ‘ನ’ ಎನ್ನುವಾಗ ನಾಲಿಗೆ ತಾಗುವ ಜಾಗದಲ್ಲಿ, ಅಂದರೆ ಮೇಲಿನ ಮುಂಬಲ್ಲಿನ ಹಿಂದೆ, ನಾಲಿಗೆಯ ತುದಿ ಇಟ್ಟು, ಅದು ಕಳಚದಷ್ಟೇ ಬಾಯಿ ತೆರೆದು ನಿಧಾನಕ್ಕೆ ಮುಚ್ಚಿ. ಒಂದು ಸಲಕ್ಕೆ ಆರು, ದಿನಕ್ಕೆ ಆರು ಸಲ. ನಾಲಿಗೆ ಅಲ್ಲಿದ್ದರೆ ಡಿಸ್ಕ್ ಜಾರುವಷ್ಟು ಬಾಯಿ ತೆರೆಯದು, ಹಲ್ಲು ಕಚ್ಚುವುದೂ ಕಷ್ಟ. ನೋವು ತಡೆದುಕೊಂಡು ಬಾಯಿ ಅಗಲಿಸುವುದೇ ವ್ಯಾಯಾಮವೆಂದುಕೊಂಡು ಇದ್ದದ್ದನ್ನೂ ಕೆಡಿಸಿಕೊಳ್ಳುವವರಿದ್ದಾರೆ. ಹಲ್ಲು ಕಚ್ಚುವ ಚಾಳಿಗೆ ಮಾನಿಟರಿನ ಅಂಚಿಗೆ, ಸ್ಟೀರಿಂಗಿಗೆ ಒಂದು ಬಣ್ಣದ ಚುಕ್ಕೆ ಅಂಟಿಸಿ, ಕಂಡಾಗಲೆಲ್ಲ ಹಲ್ಲು ಬಿಡಿಸಿ, ಭುಜ ಇಳಿಸಿ. ಮಗುವಾಟದಂತೆ ಕಂಡರೂ ದುಬಾರಿ ಸಾಧನಗಳಿಗಿಂತ ಇದೇ ಹೆಚ್ಚು ಕೆಲಸ ಮಾಡುತ್ತದೆ.

ಮಾತ್ರೆಯಲ್ಲಿ ಐಬುಪ್ರೊಫೆನ್ 400 ಮಿಲಿಗ್ರಾಂ ಊಟದ ಮೇಲೆ ದಿನಕ್ಕೆ ಮೂರು ಸಲದಂತೆ ಐದಾರು ದಿನ ಕ್ರಮವಾಗಿ ತೆಗೆದುಕೊಂಡರೆ ಉಪಯೋಗ. ನೋವು ಬಂದಾಗೊಂದು ನುಂಗಿದರೆ ಅಷ್ಟಿಲ್ಲ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ, ಬಿಪಿ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ರಾತ್ರಿ ಹಲ್ಲು ಕಡಿಯುವವರ ಹಲ್ಲು ಸವೆಯದಂತೆ ಸ್ಪ್ಲಿಂಟ್, ಅಂದರೆ ಹಲ್ಲಿನ ಮೇಲೆ ಕೂರುವ ಕವಚ, ಕೊಡುತ್ತೇವೆ. ಅದು ಎಲ್ಲ ಹಲ್ಲುಗಳನ್ನೂ ಮುಚ್ಚುವ ಗಟ್ಟಿ ಅಕ್ರಿಲಿಕ್‌ನದ್ದಾಗಿರಬೇಕು, ರಾತ್ರಿ ಮಾತ್ರ ಹಾಕಬೇಕು. ಕೆಲವೇ ಹಲ್ಲಿಗೆ ಕೂರುವಂಥದ್ದನ್ನು ದಿನವಿಡೀ ಹಾಕಿದರೆ ಉಳಿದ ಹಲ್ಲುಗಳು ಜಾಗ ಬಿಟ್ಟು ಮೇಲೆದ್ದು ಕಚ್ಚುವಿಕೆಯೇ ಬದಲಾಗುತ್ತದೆ. ಹಾಗೆಯೇ, ‘ನಿಮ್ಮ ಕಚ್ಚುವಿಕೆ ಸರಿಯಿಲ್ಲ, ಹಲ್ಲು ಉಜ್ಜಿ ಸರಿಮಾಡುತ್ತೇನೆ, ಕ್ಯಾಪ್ ಹಾಕುತ್ತೇನೆ’ ಎಂದರೆ ಎದ್ದು ಬನ್ನಿ. ಅಮೆರಿಕದ ಕಿವಿ ವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲಿ ಹಲ್ಲಿನ ಹೊಂದಾಣಿಕೆ ಕೆಟ್ಟದ್ದೇ ಕಾರಣ ಎಂದು ಬರೆದ ಮೇಲೆ ದಶಕಗಳ ಕಾಲ ಹಲ್ಲು ತಿದ್ದುವುದೇ ಚಿಕಿತ್ಸೆಯಾಗಿತ್ತು. ಆ ವಾದ ಇಂದು ನಿಂತಿಲ್ಲ. ಉಜ್ಜಿದ ಎನಾಮೆಲ್ ಮಾತ್ರ ಮರಳಿ ಬರುವುದಿಲ್ಲ.

ಡಿಸ್ಕ್ ಅಡ್ಡ ನಿಂತು ವಾರಗಳಾದರೂ ಬಾಯಿ ತೆರೆಯದವರಿಗೆ ಎರಡು ಸೂಜಿಯಿಂದ ಕೀಲನ್ನು ದ್ರಾವಣದಲ್ಲಿ ತೊಳೆಯುವುದುಂಟು. ತೆರೆದು ಮಾಡುವ ಶಸ್ತ್ರಚಿಕಿತ್ಸೆ ಬೇಕಾಗುವುದು ಬೆಸೆದುಹೋದ ಕೀಲಿನಂಥ ಕೆಲವರಿಗೆ.

ಆಕಳಿಸಿದಾಗ ಕೀಲು ತಪ್ಪಿ ಬಾಯಿ ಮುಚ್ಚಲಾಗದಿದ್ದರೆ ಮನೆಯವರು ಬಲವಂತ ಮಾಡಬಾರದು. ವೈದ್ಯರು ಕೆಳಗಿನ ದವಡೆಹಲ್ಲಿನ ಮೇಲೆ ಹೆಬ್ಬೆರಳಿಟ್ಟು ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ ಒತ್ತಿ ಕೂರಿಸುತ್ತಾರೆ. ನಂತರ ಎರಡು ಮೂರು ವಾರ ಆಕಳಿಕೆ ಬಂದಾಗಲೆಲ್ಲ ಗದ್ದದಡಿ ಮುಷ್ಟಿ ಊರಿಕೊಳ್ಳಬೇಕು. ವಾಂತಿಗೆ ಮೆಟೊಕ್ಲೊಪ್ರಮೈಡ್ ಚುಚ್ಚುಮದ್ದು ಕೊಟ್ಟ ಮೇಲೆ ದವಡೆ ಸೊಟ್ಟಗಾಗಿ ಹಿಡಿದುಕೊಂಡರೆ ಆ ಚುಚ್ಚುಮದ್ದಿನ ಚೀಟಿಯನ್ನೇ ಮೊದಲು ವೈದ್ಯರ ಕೈಗಿಡಿ. ಅದು ಬಹುಮಟ್ಟಿಗೆ ಔಷಧದ ಸೆಳೆತ. ಒತ್ತಿದರೆ ಬಿಡದು, ಮರುಮದ್ದಿನ ಇನ್ನೊಂದು ಚುಚ್ಚುಮದ್ದಿಗೆ ಬಿಡುತ್ತದೆ.