ಕಣ್ಣು ಕಾಣದ ಮಗ ಹಾಡನ್ನೇ ನಂಬಿ ಬದುಕಬಹುದಾ?

‘ಮಗನಿಗೆ ಹುಟ್ಟಿನಿಂದಲೂ ಕಣ್ಣು ಕಾಣಿಸಲ್ಲ, ಹಾಡು ಬಿಟ್ಟರೆ ಬೇರೇನೂ ಬೇಡ ಅಂತಾನೆ, ಇದರಲ್ಲಿ ಹೊಟ್ಟೆ ತುಂಬುತ್ತಾ?’ ಹೆತ್ತವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ತುಂಬುತ್ತದೆ. ಆದರೆ ಬರೀ ಒಳ್ಳೆಯ ಕಂಠ ಇದ್ದರೆ ಸಾಲದು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ, ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸುವ ಜಾಗ ಅದು. ಅಲ್ಲಿನ ಗುರು ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತಲೇ ಪಾಠ ಹೇಳಿದವರು ಅವರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮದ ಭಾರ ಹೊತ್ತವರು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಹಾಡುವುದರ ಜೊತೆಗೆ ಹಾರ್ಮೋನಿಯಂ, ತಬಲಾ, ವಯಲಿನ್, ಸಾರಂಗಿ ಎಲ್ಲ ನುಡಿಸುತ್ತಿದ್ದರು, ನಾಟಕ ಬರೆದರು, ನಾಟಕ ಕಂಪನಿಯನ್ನೂ ನಡೆಸಿದರು. ಕಂಪನಿಯ ದುಡಿಮೆ ಆಶ್ರಮದ ಮಕ್ಕಳ ಊಟಕ್ಕೂ ಆಗುತ್ತಿತ್ತು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆದರೆ ನಾನು ಪ್ರಶಸ್ತಿಗಿಂತ ಆ ಹಾರ್ಮೋನಿಯಂ, ತಬಲಾದ ಮಾತನ್ನೇ ಜಾಸ್ತಿ ಹೇಳುತ್ತೇನೆ. ಹೊಸ ಹಾಡುಗಾರನಿಗೆ ಕಚೇರಿ ಸಿಗುವುದು ಅಪರೂಪ. ಸಾಥ್ ಕೊಡಲು, ಅಂದರೆ ಹಾಡುವವರ ಜೊತೆ ವಾದ್ಯ ನುಡಿಸಲು ಗೊತ್ತಿರುವವನನ್ನು ಭಜನೆಗೆ, ಪುರಾಣಕ್ಕೆ, ನಾಟಕಕ್ಕೆ, ಬೇರೆಯವರ ಕಚೇರಿಗೆ ಕರೆಯುತ್ತಲೇ ಇರುತ್ತಾರೆ. ಹಾಗಾಗಿ ಹಾಡಿನ ಜೊತೆ ಒಂದು ವಾದ್ಯ ಕಲಿಸಲೇಬೇಕು.

ವೇದಿಕೆ ಮೇಲೆ ತಬಲಾದವರ ಮುಖ ನೋಡದೆ ಸಮಕ್ಕೆ, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟಿಗೆ, ಹೇಗೆ ಬರುತ್ತಾನೆ ಅನ್ನುವುದು ಇನ್ನೊಂದು ಭಯ, ಅಲ್ವಾ? ತೀನ್‌ತಾಲ ತಗೊಳ್ಳಿ. 16 ಮಾತ್ರೆಗಳ, ಅಂದರೆ 16 ಎಣಿಕೆಗಳ ತಾಳ ಅದು, 9ನೆಯದು ಖಾಲಿ. ಅಲ್ಲಿಂದ ಮುಂದೆ ಎಡಗೈಯ ಡಗ್ಗಾದ ತುಂಬು ನಾದ ಇಳಿದು ಬಲಗೈಯ ದನಿಯೇ ಎದ್ದು ಕೇಳಿಸುತ್ತದೆ, ಡಗ್ಗಾ ಮತ್ತೆ ತುಂಬಿತು ಅಂದರೆ ಸಮ ಹತ್ತಿರ ಬಂತು ಅಂತಲೇ ಲೆಕ್ಕ. ಕಣ್ಣಿರುವ ಗಾಯಕರೂ ಇದನ್ನೇ ಕೇಳಿಕೊಂಡು ಹಾಡುತ್ತಾರೆ. ಕಷ್ಟ ಇರುವುದು ಕಣ್ಸನ್ನೆಯಲ್ಲಿ: ಲಯ ಏರಿಸೋಣ, ಈಗ ತಬಲಾ ನುಡಿಸಲಿ, ಇನ್ನು ಮುಗಿಸೋಣ. ಇವಕ್ಕೆಲ್ಲ ದನಿಯ ಗುರುತು ಬೇಕು. ಮುಖಡಾವನ್ನು (ಸಮಕ್ಕೆ ಬಂದು ಸೇರುವ ಹಾಡಿನ ಮೊದಲ ತುಣುಕು) ಒತ್ತಿ ಹಾಡಿದರೆ ಇಂಥದ್ದು, ತಿಹಾಯಿ (ಒಂದೇ ತುಣುಕನ್ನು ಮೂರು ಸಲ ಹಾಡಿ ಸಮಕ್ಕೆ ಬರುವುದು) ಹಾಡಿದರೆ ಇಂಥದ್ದು ಅಂತ ಸಾಥಿಗಳ ಜೊತೆ ಮೊದಲೇ ಕೂತು ಮಾತಾಡಿಕೊಳ್ಳಬೇಕು. ಒಂದೇ ತಬಲಾದವರ ಜೊತೆ ವರ್ಷಗಟ್ಟಲೆ ಹಾಡಿದರೆ ಇದು ತಾನಾಗಿ ಬರುತ್ತದೆ, ಆದರೆ ದಿನಕ್ಕೊಬ್ಬ ಹೊಸಬರು ಸಿಗುವ ಕಾಲದಲ್ಲಿ ಅದನ್ನು ನಂಬಿ ಕೂರಬೇಡಿ.

ಆಕಾಶವಾಣಿ ಆಡಿಷನ್‌ಗೂ ಈಗಿನಿಂದಲೇ ತಯಾರಿ ಶುರು ಮಾಡಿಸಿ. ಬಿ, ಬಿ-ಹೈ, ಎ, ಟಾಪ್ ಅಂತ ಗ್ರೇಡ್ ಕೊಡುತ್ತಾರೆ, ಅಲ್ಲಿ ಲೆಕ್ಕಕ್ಕೆ ಬರುವುದು ದನಿ ಮಾತ್ರ. ಕೈಯಲ್ಲಿ ಗ್ರೇಡ್ ಇದ್ದರೆ ಸಂಘಟಕರ ಹತ್ತಿರ ಮಾತಾಡುವುದು ಸುಲಭ.

ಮಾತಾಡಲೇಬೇಕು ಕೂಡ. ‘ಪಾಪ, ಹುಡುಗ ಚೆನ್ನಾಗಿ ಹಾಡಿದ’ ಅಂತ ಶಾಲು ಹೊದಿಸಿ ಬರಿಗೈಯಲ್ಲಿ ಕಳಿಸುವುದನ್ನು ನೋಡಿದಾಗಲೆಲ್ಲ ನನಗೆ ತುಂಬಾ ಬೇಜಾರಾಗುತ್ತದೆ. ಸಂಭಾವನೆ ಎಷ್ಟು ಅಂತ ಒಪ್ಪಿಕೊಳ್ಳುವ ಮೊದಲೇ ಕೇಳಿ. ಕೈ ಹಿಡಿದು ಕರೆತರುವವರ ಪ್ರಯಾಣ, ಊಟದ ಖರ್ಚನ್ನೂ ಅದರಲ್ಲಿ ಸೇರಿಸಿ. ವೇದಿಕೆಗೆ ಎಷ್ಟು ಮೆಟ್ಟಿಲಿದೆ, ಮೈಕ್ ಎಲ್ಲಿಡುತ್ತಾರೆ ಅನ್ನುವುದನ್ನೂ ಅದೇ ಫೋನಿನಲ್ಲಿ ಕೇಳಿಬಿಡಿ.